ತಾನೇ ಶುರುವಾಗುವ ಮೋಟಾರು

ನುಗ್ಗೇಹಳ್ಳಿ
19 ಜನವರಿ 2025, ಭಾನುವಾರ

ಓಡಿತು ಕಣೇ ನಾಗೂ, ನಮ್ಮ ನಲವತ್ತು ಎಚ್‌ಪಿ ಮೋಟಾರು ಬರೀ ಬಿಸಿಲಿನಲ್ಲಿ ಓಡಿಯೇಬಿಟ್ಟಿತು!

ನಗಬೇಡ. ಇದು ನಿಜವಾದ ಕಾಗದ, ನಿಜವಾದ ಅಂಚೆ ಚೀಟಿ. ಹಾಸನದ ಹಾಸ್ಟೆಲಿನಲ್ಲಿ ನಾವು ಮಾಡಿಕೊಂಡ ಒಪ್ಪಂದ ಮರೆತೆಯಾ? ಮೊದಲು ಮದುವೆಯಾದವಳು ಫೋನಿನಲ್ಲಿ ಏನೂ ಹೇಳಬಾರದು, ಎಲ್ಲವನ್ನೂ ಕಾಗದದಲ್ಲೇ ಬರೆಯಬೇಕು ಅಂತ. ನಾನು ಗೆದ್ದೆ, ಬರೆಯುತ್ತಿದ್ದೇನೆ. ಕಾನ್ವೆಂಟಿನವಳ ಕನ್ನಡ, ತಪ್ಪಿದ್ದಲ್ಲಿ ಕೆಂಪು ಪೆನ್ನು ಹಾಕಿಕೊಂಡು ಓದು. ಈ ಕಡೆ ಸಿಗ್ನಲ್ ಬೇಕಾದರೆ ಹೇಗೂ ತೆಂಗಿನ ಮರ ಹತ್ತಬೇಕು.

ನಮ್ಮದು ನಾರಿನ ಮಿಲ್ಲು ಅಂತ ನಿನಗೆ ಗೊತ್ತಲ್ಲ. ತೆಂಗಿನಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ಒಂದು ದೊಡ್ಡ ಡ್ರಮ್ಮಿಗೆ ಕೊಡುತ್ತಾರೆ. ಡ್ರಮ್ಮಿನ ತುಂಬ ಬೆರಳುದ್ದದ ಕಬ್ಬಿಣದ ಹಲ್ಲು. ಮಟ್ಟೆ ಒಳಗೆ ಹೋಗುತ್ತದೆ, ಆ ಕಡೆಯಿಂದ ನಾರು ಹಾರಿ ಬೀಳುತ್ತದೆ. ಅಷ್ಟು ದೊಡ್ಡ ಡ್ರಮ್ಮನ್ನು ಲೈನ್ ಕರೆಂಟ್ ಇಲ್ಲದೆ ತಿರುಗಿಸುವುದು ತಮಾಷೆಯಲ್ಲ ಅಂತ ಮೋಹನ್ ರಾತ್ರಿಯೆಲ್ಲ ನನಗೆ ಪಾಠ ಮಾಡಿದ್ದಾರೆ. (ಹೊಸ ಮದುವೆಯ ರಾತ್ರಿ ಗಂಡಂದಿರು ಏನು ಮಾತಾಡುತ್ತಾರೆ ಅಂತ ಕೇಳುತ್ತಿದ್ದೆಯಲ್ಲ, ಇಗೋ!) ದೊಡ್ಡ ಮೋಟಾರು ನಿಂತಲ್ಲಿಂದ ಏಳುವಾಗ ಓಡುವಾಗಿನ ಆರು ಪಟ್ಟು ಕರೆಂಟು ಕೇಳುತ್ತದಂತೆ. ಲೈನಿನಲ್ಲಾದರೆ ಹಿಂದೆ ಇಡೀ ರಾಜ್ಯದ ಕರೆಂಟು ನಿಂತಿರುತ್ತದೆ, ಕೊಡುತ್ತದೆ. ನಮ್ಮ ಹಿಂದೆ ಇರುವುದು ಕಣದ ತುಂಬ ಸೋಲಾರ್ ಹಲಗೆ, ಒಂದು ಕೋಣೆ ಬ್ಯಾಟರಿ, ಅಷ್ಟೇ. ಅದಕ್ಕೇ ನಡುವೆ ಡ್ರೈವ್ ಅಂತ ಒಂದು ಪೆಟ್ಟಿಗೆ. ಅದು ಮೋಟಾರನ್ನು ಬಡಿದೆಬ್ಬಿಸುವುದಿಲ್ಲ. ಇಪ್ಪತ್ತು ಸೆಕೆಂಡು ತೆಗೆದುಕೊಂಡು ಮೆಲ್ಲಗೆ ಏಳಿಸುತ್ತದೆ. ಸದ್ದೇ ಇಲ್ಲ ಕಣೇ! ನಿದ್ದೆಯಿಂದ ಮಗು ಎದ್ದ ಹಾಗೆ. ನನಗೆ ಅಳುವೇ ಬಂತು.

ಬ್ಯಾಟರಿ ಕೋಣೆಯ ಬೀಗದ ಕೈಯನ್ನು ಅತ್ತೆ ಎಲ್ಲರ ಎದುರಿಗೆ ನನ್ನ ಸೊಂಟಕ್ಕೆ ಸಿಕ್ಕಿಸಿದರು. "ನಮ್ ಕಾಲ್ದಾಗೆ ಸೊಸೇರಿಗೆ ಕಣಜದ ಕೈ ಕೊಡೋರು. ನೀನು ಇಂಗ್ಲೀಸ್ ಓದಿರೋಳು, ಬಿಸ್ಲಿನ್ ಕಣಜ ಇಟ್ಕ" ಅಂದರು. ಅಣ್ಣಮ್ಮ ಅಂತ ಹೆಸರು, ಹೆಸರಿನಷ್ಟೇ ಗಟ್ಟಿ ಹೆಂಗಸು.

ಲೈನ್ ಕರೆಂಟ್ ಯಾಕೆ ಇಲ್ಲ ಗೊತ್ತಾ? ಅದೊಂದು ಕಾಮಿಡಿ. ಕಂಬಗಳು ಪಕ್ಕದ ಬೋರಪ್ಪನ ಹೊಲದಲ್ಲಿ ಹಾಯಬೇಕಿತ್ತು. ಆತ ಬೇಡ ಅಂದ. ನಮ್ಮ ಭಾವ, ಅಂದರೆ ಮೋಹನ್ ಅವರ ಅಣ್ಣ ಕನಕರಾಜು, ಬದುವಿನ ಮೇಲೇ ಆತನ ಎರಡು ಹಲ್ಲು ಉದುರಿಸಿದರಂತೆ! ಬೋರಪ್ಪ ಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಹೋಗಿ ಕೋರ್ಟಿನಿಂದ ತಡೆ ತಂದನಂತೆ. ಭಾವ ಅದನ್ನು ಅಭಿನಯ ಮಾಡಿ ತೋರಿಸುವಾಗ ನಕ್ಕು ನಕ್ಕು ನನಗೆ ಹೊಟ್ಟೆ ನೋವು.

ಒಂದು ಕೋಪ ಮಾತ್ರ ಇದೆ. ಮದುವೆಯಲ್ಲಿ ನೀನು ಊಟ ಮಾಡದೆ ಹೊರಟೆ. ಬಸ್ಸು ತಪ್ಪುತ್ತದೆ ಅಂದೆ. ಅಷ್ಟು ಹೊತ್ತಿಗೆ ಎಂಥ ಬಸ್ಸೇ?

ನಿನ್ನ ಮಾನು

---

ಹೊಳೆನರಸೀಪುರ
2 ಫೆಬ್ರವರಿ 2025

ಪ್ರೀತಿಯ ಮಾನು,

ಕಾಗದ ಸಿಕ್ಕಿತು. ವಾರ್ಡಿನ ಸಿಸ್ಟರುಗಳೆಲ್ಲ ಲಕೋಟೆ ನೋಡಿ ನನಗೆ ಲವ್ ಲೆಟರ್ ಬಂದಿದೆ ಅಂದುಕೊಂಡರು. ನಾನೂ ಇಲ್ಲವೆನ್ನಲಿಲ್ಲ.

ನೀನು ಖುಷಿಯಾಗಿದ್ದೀಯ, ಸಾಕು. ಮದುವೆ ಊಟದ ವಿಷಯ ಬಿಡು. ಬಸ್ಸು ಇತ್ತು.

ಒಂದು ಸಹಾಯ ಕೇಳಲಾ? ಬಾಗೂರಿನಲ್ಲಿ ನಮ್ಮ ಚಿಕ್ಕಪ್ಪ ಚಲುವಯ್ಯನ ಮಗ ಭೀಮ ಇದ್ದಾನೆ. ಇಪ್ಪತ್ತಾರು ವರ್ಷ. ಅಲ್ಲೇ ಒಂದು ಹಳೆಯ ನಾರಿನ ಮಿಲ್ಲಿನಲ್ಲಿ ಆರು ವರ್ಷ ಡ್ರಮ್ಮಿಗೆ ಮಟ್ಟೆ ಕೊಡುವ ಕೆಲಸ ಮಾಡಿದ್ದ. ಅದು ಮುಚ್ಚಿದ ಮೇಲೆ ರಾಮನಾಥಪುರಕ್ಕೆ ಹೋಗಿ ಹೊಗೆಸೊಪ್ಪಿನ ಲೋಡು ಎತ್ತುತ್ತಿದ್ದ, ಆ ಸೀಸನ್ನೂ ಮುಗಿಯುತ್ತಾ ಬಂತು. ಕೆಲಸ ಬಲ್ಲವನು. ಹೆಂಡದ ಅಭ್ಯಾಸವಿಲ್ಲ, ವಾಸನೆಗೇ ವಾಂತಿ ಮಾಡಿಕೊಳ್ಳುತ್ತಾನೆ, ಅದಕ್ಕೆ ಎಲ್ಲರೂ ರೇಗಿಸುತ್ತಾರೆ. ನಿಮ್ಮ ಮಿಲ್ಲಿನಲ್ಲಿ ಜಾಗವಿದ್ದರೆ ಹೇಳು. ಇಲ್ಲದಿದ್ದರೆ ಬೇಸರವಿಲ್ಲ.

ಬೋರಪ್ಪನ ಹಲ್ಲಿನ ಕತೆಗೆ ನನಗೆ ನಗು ಬರಲಿಲ್ಲ. ಡ್ಯೂಟಿಯಲ್ಲಿ ಅಂಥ ಬಾಯಿಗಳನ್ನು ಬಹಳ ತೊಳೆದಿದ್ದೇನೆ, ಅದಕ್ಕಿರಬೇಕು.

ನಾಗಲಕ್ಷ್ಮಿ

---

ನುಗ್ಗೇಹಳ್ಳಿ
23 ಫೆಬ್ರವರಿ 2025

ನಾಗೂ ನಾಗೂ ನಾಗೂ,

ನಿನ್ನ ಭೀಮ ಬಂದ, ಸೇರಿದ, ಗೆದ್ದ! ಬಂದ ದಿನವೇ ಸೋಲಾರ್ ಹಲಗೆಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಕ್ಕಾ, ಇದು ಬಿಸ್ಲು ಕುಡ್ದು ಓಡ್ತದಾ? ನಮ್ಮಪ್ಪಂಗೂ ಬೆನ್ಮ್ಯಾಲೆ ಒಂದ್ ಹಲ್ಗೆ ಕಟ್ಬುಡಿ. ಉಣ್ಣಾಕೂ ಕೇಳಾಕಿಲ್ಲ, ಬೈಯಾಕೂ ಸುಸ್ತಾಗಾಕಿಲ್ಲ" ಅಂದ. ನನ್ನನ್ನು ಅಮ್ಮಾರೆ ಅನ್ನುತ್ತಿದ್ದ. ಅಕ್ಕ ಅನ್ನದಿದ್ದರೆ ಕೆಲಸವಿಲ್ಲ ಅಂತ ಹೆದರಿಸಿದ್ದೇನೆ. ಭಾವನಿಗೆ ಅದು ಅಷ್ಟು ಹಿಡಿಸಿಲ್ಲ. ಹಿಡಿಸದಿದ್ದರೆ ಬಿಡಲಿ.

ಎಷ್ಟು ಚುರುಕು ಅಂತೀಯ! ಮೋಡ ಬಂದು ಮೋಟಾರು ನಿಂತರೆ ಬೇರೆಯವರು ಬೀಡಿ ಹಚ್ಚುತ್ತಾರೆ. ಭೀಮ ಮಾತ್ರ ಡ್ರಮ್ಮಿನ ಬಾಯಿಗೆ ಭುಜದವರೆಗೆ ಕೈ ಹಾಕಿ, ಹಲ್ಲಿಗೆ ಸುತ್ತಿಕೊಂಡ ನಾರನ್ನು ಕಿತ್ತು ಹಾಕುತ್ತಾನೆ. "ಹೆದರಿಕೆ ಆಗಲ್ವೇನೋ?" ಅಂದೆ. "ಏನಕ್ಕಾ ಹೆದ್ರಿಕೆ? ಬಾಗೂರ್ನಾಗೆ ಆರು ವರ್ಸ ಹಿಂಗೇಯ. ಕರೆಂಟು ಓಯ್ತು ಅಂದ್ರೆ ಅದೇ ಕಿಲೀನ್ ಮಾಡೋ ಟೇಮು. ತಿರ್ಗ ಬಂದ್ರೂ ಹಸ್ರು ಗುಂಡಿ ಒತ್ತೋಗಂಟ ಮಿಸಿನ್ನು ಏಳಾಕಿಲ್ಲ ಕಣಕ್ಕಾ" ಅಂದ. ನಮ್ಮಲ್ಲೂ ಹಾಗೇ. ಮೋಡ ಸರಿದ ಮೇಲೆ ಮೋಹನ್ ನನ್ನಿಂದ ಬೀಗದ ಕೈ ಇಸಿದುಕೊಂಡು ಹೋಗಿ ಹಸಿರು ಗುಂಡಿ ಒತ್ತುತ್ತಾರೆ.

ನಾನೀಗ ಸುಮಾರು ಎಲೆಕ್ಟ್ರಿಶಿಯನ್ ಆಗಿದ್ದೇನೆ. ಡ್ರೈವಿನ ಪುಸ್ತಕ ಇನ್ನೂರು ಪುಟ, ಎಲ್ಲ ಇಂಗ್ಲಿಷು. ಮೋಹನ್ ಡಿಪ್ಲೊಮಾ ಮಾಡಿದವರು, ಕೈ ಕೆಲಸ ಚೆನ್ನಾಗಿ ಬಲ್ಲರು, ಆದರೆ ಉದ್ದುದ್ದ ವಾಕ್ಯ ಕಂಡರೆ ಆಗದು. ನಾನು ಓದಿ ಹೇಳುತ್ತೇನೆ, ಅವರು ಕೀ ಒತ್ತುತ್ತಾರೆ. ಇದಕ್ಕಿಂತ ರೊಮ್ಯಾಂಟಿಕ್ ಏನಿದೆ ಹೇಳು!

ಮಾನು

---

ನುಗ್ಗೇಹಳ್ಳಿ
20 ಏಪ್ರಿಲ್ 2025, ಭಾನುವಾರ

ನಾಗೂ,

ಎರಡು ತಿಂಗಳು ಬರೆಯಲಿಲ್ಲ, ಕಿವಿ ಹಿಂಡು, ಆಮೇಲೆ ಈ ಸುದ್ದಿ ಕೇಳು. ನಿನ್ನ ಮಾನು ಮಿಲ್ಲನ್ನು ಉಳಿಸಿದಳು!

ಮುಂಗಾರಿಗೆ ಮುಂಚಿನ ಈ ಹಾಳು ಮೋಡಗಳು. ಒಂದು ತುಂಡು ಮೋಡ ಕಣದ ಮೇಲೆ ಬಂದರೆ ಸಾಕು, ಬ್ಯಾಟರಿ ಕುಸಿದು ಡ್ರೈವು ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಮೋಡ ಸರಿಯುತ್ತದೆ, ಮೋಹನ್ ಓಡುತ್ತಾರೆ, ಹಸಿರು ಗುಂಡಿ. ಮತ್ತೆ ಮೋಡ. ಕಳೆದ ಬುಧವಾರ ಹನ್ನೊಂದು ಸಲ! ಬ್ಯಾಟರಿ ಹೆಚ್ಚಿಗೆ ಹಾಕಿಸಿದ್ದರೆ ಈ ಕಾಟ ಇರಲಿಲ್ಲ ಅಂತ ಊಟದ ಹೊತ್ತಿಗೆ ಬಾಯಿ ತಪ್ಪಿ ಅಂದೆ. ಪಾಪ, ದಿನವಿಡೀ ಸುಸ್ತಾಗಿದ್ದರು, ತಟ್ಟೆ ಎಸೆದರು. ನನ್ನ ಮೇಲಲ್ಲ, ಗೋಡೆಯ ಮೇಲೆ, ನಾನು ನಡುವೆ ಇದ್ದೆ ಅಷ್ಟೇ. ಹಣೆಯಲ್ಲಿ ಸಣ್ಣ ಗೀರು, ಕುಂಕುಮದ ಹಾಗೇ ಕಾಣುತ್ತದೆ. ಆಮೇಲೆ ಅವರೇ ಕೂತು ಅರಿಶಿನ ಹಚ್ಚಿದರು.

ಆವತ್ತಿನಿಂದ ಹಠ ಹಿಡಿದು ಪುಸ್ತಕ ಪೂರ್ತಿ ಓದಿದೆ. ಸಿಕ್ಕಿತು! ಪುಟ ನಲವತ್ತೊಂದು. ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಮೋಡ ಸರಿದ ಕೂಡಲೇ ಮೋಟಾರು ತಾನೇ ಶುರುವಾಗುತ್ತದೆ, ಯಾರೂ ಗುಂಡಿ ಒತ್ತಬೇಕಿಲ್ಲ! ಇವತ್ತು ಭಾನುವಾರ, ಕೆಲಸದವರು ಯಾರೂ ಇಲ್ಲ. ನಾವಿಬ್ಬರೇ ಹೋಗಿ ಹಾಕಿದೆವು. ಮೋಡಕ್ಕೆ ಕಾಯುತ್ತಾ ಕೂತೆವು ನಾಗೂ, ಇಬ್ಬರು ಹುಚ್ಚರು. ಮೂರು ಗಂಟೆಗೆ ಒಂದು ಬಂತು. ಮೋಟಾರು ನಿಂತಿತು. ಮೋಡ ಹೋಯಿತು. ಐದು ಸೆಕೆಂಡು. ಮೆಲ್ಲಗೆ, ಸದ್ದಿಲ್ಲದೆ, ತಾನೇ! ಮೋಹನ್ ನನ್ನನ್ನು ಎತ್ತಿಕೊಂಡು ಕಣದ ಸುತ್ತ ತಿರುಗಿಸಿದರು. ಪುಟದ ಅಂಚಿನಲ್ಲಿ ತಾರೀಖು ಹಾಕಿ ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ್ದೇನೆ. ಐತಿಹಾಸಿಕ ದಾಖಲೆ!

ಬೇಗ ಬರೆಯೇ.

ಮಾನು

---

ಹೊಳೆನರಸೀಪುರ
23 ಏಪ್ರಿಲ್ 2025

ಮಾನು,

ಕಾಗದ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. ಎರಡೇ ಪ್ರಶ್ನೆ.

ಒಂದು: ಮೋಟಾರು ತಾನೇ ಶುರುವಾಗುವ ಮುಂಚೆ ಗಂಟೆಯೋ ಸೈರನ್ನೋ ಏನಾದರೂ ಕೂಗುತ್ತದಾ? ನಮ್ಮ ಆಸ್ಪತ್ರೆಯ ಜನರೇಟರೂ ತಾನೇ ಶುರುವಾಗುತ್ತದೆ. ಅದರ ಬಾಗಿಲ ಮೇಲೆ ಆಳುದ್ದ ಅಕ್ಷರದಲ್ಲಿ ಬರೆದು ಕೆಂಪು ದೀಪ ಹಾಕಿದ್ದಾರೆ. ಭೀಮ ಕೈ ಹಾಕುತ್ತಾನೆ ಅಂತ ನೀನೇ ಬರೆದಿದ್ದೆ. ಅವನಿಗೆ ಯಾರು ಹೇಳಿದರು?

ಎರಡು: ಹಣೆಗೆ ಎಷ್ಟು ಹೊಲಿಗೆ ಬಿತ್ತು?

ನಾಗಲಕ್ಷ್ಮಿ

---

ಹೊಳೆನರಸೀಪುರ
11 ಮೇ 2025

ಮಾನಸಾ,

ಹದಿನೇಳು ದಿನವಾಯಿತು. ನಿನ್ನಿಂದ ಒಂದು ಸಾಲಿಲ್ಲ. ಫೋನ್ ಸ್ವಿಚ್ ಆಫ್.

ನಿನಗೆ ಗೊತ್ತಿಲ್ಲದ ಹಾಗೆ ಬರೆಯುತ್ತೇನೆ, ಗೊತ್ತಿಲ್ಲದಿರಲಿ ಅನ್ನುವ ಆಸೆಯಿಂದ. ಗುರುವಾರ, ಏಪ್ರಿಲ್ ಇಪ್ಪತ್ನಾಲ್ಕು, ನಿಮ್ಮ ಡ್ರಮ್ಮು ಭೀಮನ ಬಲಗೈ ತಿಂದಿತು. ನಾನು ಹಾಸನಕ್ಕೆ ಓಡಿದೆ. ಅವನ ಕೈಯನ್ನು ಹಳೆಯ ಗೋಣಿಚೀಲದಲ್ಲಿ ಸುತ್ತಿ ತಂದಿದ್ದರು. ಮೊಣಕೈಯಿಂದ ಕೆಳಗೆ ಕೈ ಇರಲಿಲ್ಲ, ನಾರಿತ್ತು. ಮಾಂಸದ ಒಳಗೆ, ಮೂಳೆಯ ಸುತ್ತ, ಜಡೆ ಹೆಣೆದ ಹಾಗೆ ನಾರು. ಅದನ್ನು ಬಿಡಿಸಲಾಗದೆ ಡಾಕ್ಟರು ಮೊಣಕೈಯ ಮೇಲಕ್ಕೇ ಕತ್ತರಿಸಿದರು.

ಅವನು ಕುಡಿದಿದ್ದ ಅಂತ ನಿಮ್ಮವರು ಬರೆಸಿದ್ದಾರೆ. ಅವನ ಅಂಗಿಯನ್ನು ನಾನು ಕೈಯಾರೆ ಬಿಚ್ಚಿದೆ. ಅಂಗಿಯಲ್ಲಿ ಹೆಂಡದ ವಾಸನೆ ಇತ್ತು. ಬಾಯಲ್ಲಿ ಇರಲಿಲ್ಲ. ನರ್ಸಿಗೆ ಇಷ್ಟು ಗೊತ್ತಾಗುತ್ತದೆ.

ಮೂರನೇ ದಿನ ಚಿಕ್ಕಪ್ಪ ಚಲುವಯ್ಯ ಒಬ್ಬನೇ ನಿಮ್ಮ ಕಣಕ್ಕೆ ಬಂದು, "ನನ್ ಮಗ ಕುಡ್ಯಾಕಿಲ್ಲ ಸಾ, ಅದೊಂದು ಮಾತ್ ತಗುದ್ಬುಡಿ" ಅಂತ ಕೇಳಿದನಂತೆ. ಅಷ್ಟೇ ಕೇಳಿದ್ದು. ಅವನ ಬೆನ್ನಿನ ಮೇಲೆ ಈಗಲೂ ಬೆಲ್ಟಿನ ಪಟ್ಟೆಗಳಿವೆ. ನಾನು ಎಣಿಸುವುದನ್ನು ಹದಿನಾಲ್ಕಕ್ಕೆ ನಿಲ್ಲಿಸಿದೆ.

ಇವೆಲ್ಲ ನಿಮ್ಮ ಭಾವನ ಕೆಲಸ ಅಂದುಕೊಂಡಿದ್ದೆ. ಆದರೆ ಕುಡಿದಿದ್ದನ್ನು ಕಂಡೆ ಅಂತ ಹೇಳಿಕೆಯ ಕೆಳಗೆ ನಿನ್ನ ಸಹಿಯೂ ಇದೆಯಂತೆ. ಕಾನ್ವೆಂಟಿನ ಅಂದವಾದ ಸಹಿ. ನಿಜವಾ?

ನನ್ನದೂ ಒಂದು ತಪ್ಪಿದೆ, ಬರೆದುಬಿಡುತ್ತೇನೆ. ಇಪ್ಪತ್ಮೂರನೇ ತಾರೀಖು ನಿನ್ನ ಕಾಗದ ಓದಿದ ಕೂಡಲೇ ಭೀಮ ಡ್ರಮ್ಮಿಗೆ ಕೈ ಹಾಕುವುದೇ ಕಣ್ಣ ಮುಂದೆ ಬಂತು. ಭೀಮನ ನಂಬರು ನನ್ನ ಹತ್ತಿರ ಇತ್ತು. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡದೆ ನಿನ್ನ ಕಾಗದದಾಟಕ್ಕೆ ಕಾಗದದಲ್ಲೇ ಉತ್ತರ ಬರೆದೆ. ಅವನನ್ನು ಅಲ್ಲಿಗೆ ಕಳಿಸಿದವಳೂ ನಾನೇ.

ಇನ್ನೊಂದು. ಮದುವೆಯ ದಿನ ಬಸ್ಸು ಇರಲಿಲ್ಲ. ಪಂಕ್ತಿಯಲ್ಲಿ ಕೂತಿದ್ದೆ, ಎಲೆಗೆ ಉಪ್ಪು ಬಡಿಸಿಯಾಗಿತ್ತು. ನಿಮ್ಮ ಅತ್ತೆ ಬಂದು, "ನಿಮ್ಮೋರ್ಗೆ ಹಿತ್ಲಲ್ಲಿ ಹಾಕ್ಸಿವ್ನಿ, ಅಲ್ಲಿಗೋಗವ್ವ" ಅಂದರು. ನಿನ್ನ ಮುಖ ಆವತ್ತು ಅಷ್ಟು ಚೆನ್ನಾಗಿತ್ತು, ಅದಕ್ಕೇ ಹೇಳಲಿಲ್ಲ.

ಭೀಮನ ಪರವಾಗಿ ಇಲ್ಲಿನ ವಕೀಲೆ ಸುವರ್ಣಮ್ಮ ಮೇಡಂ ಕೇಸು ಹಿಡಿದಿದ್ದಾರೆ. ಕುಡಿದಿದ್ದ ಅನ್ನುವ ಮಾತು ನಿಂತರೆ ಅವನಿಗೆ ಕೈಯೂ ಇಲ್ಲ, ನ್ಯಾಯವೂ ಇಲ್ಲ. ಕಂಡೆವು ಅಂತ ಸಹಿ ಹಾಕಿದವರು ಮೂವರು: ನಿನ್ನ ಗಂಡ, ನಿನ್ನ ಭಾವ, ನೀನು.

ನಾಗಲಕ್ಷ್ಮಿ

---

ನುಗ್ಗೇಹಳ್ಳಿ
15 ಮೇ 2025

ಕುಮಾರಿ ನಾಗಲಕ್ಷ್ಮಿಯವರಿಗೆ,

ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ನಿಮ್ಮ ಪತ್ರ ತಲುಪಿದೆ.

ನಿಮ್ಮ ಸಂಬಂಧಿಕರಿಗೆ ಆದ ಅಪಘಾತಕ್ಕೆ ವಿಷಾದಿಸುತ್ತೇವೆ. ಸದರಿ ದಿನ ಅವರು ಮದ್ಯಪಾನ ಮಾಡಿ ಕೆಲಸಕ್ಕೆ ಬಂದಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ. ಅವರ ತಂದೆಯವರಿಗೆ ಯಾರೂ ಹೊಡೆದಿರುವುದಿಲ್ಲ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ.

ನಮ್ಮ ಕುಟುಂಬದ ಮರ್ಯಾದೆಯ ದೃಷ್ಟಿಯಿಂದ ಇನ್ನು ಮುಂದೆ ಪತ್ರ ವ್ಯವಹಾರ ಬೇಡವೆಂದು ಕೋರುತ್ತೇನೆ. ನಾನು ಹಿಂದೆ ಬರೆದ ಪತ್ರಗಳನ್ನು ದಯವಿಟ್ಟು ವಾಪಸ್ ಕಳಿಸಿಕೊಡಿ.

ಇಂತಿ
ಮಾನಸಾ ಮೋಹನ್‌ಕುಮಾರ್

---

ಹೊಳೆನರಸೀಪುರ
20 ಮೇ 2025

ಶ್ರೀಮತಿ ಮಾನಸಾ ಮೋಹನ್‌ಕುಮಾರ್ ಅವರಿಗೆ,

ಪತ್ರಗಳನ್ನು ವಾಪಸ್ ಕಳಿಸುವುದಿಲ್ಲ. ಹೊಲಿಗೆ ಎಷ್ಟು ಬಿತ್ತು ಅಂತ ನಿಮ್ಮನ್ನು ಕೇಳಿದವಳು ನಾನು ಒಬ್ಬಳೇ. ಇನ್ನು ಕೇಳುವುದಿಲ್ಲ.

ನಾಗಲಕ್ಷ್ಮಿ

---

ನುಗ್ಗೇಹಳ್ಳಿ
30 ಮೇ 2025, ಶುಕ್ರವಾರ

ನಾಗೂ,

ಅಕ್ಷರ ಸೊಟ್ಟಗಿವೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ದಿನ ಕಲಿತೆ, ನೆಲದ ಮೇಲೆ ರಂಗೋಲಿ ಪುಡಿಯಲ್ಲಿ.

ಮೊದಲು ಹೊಲಿಗೆ. ಆರು. ಮನೆಗೇ ಕಾಂಪೌಂಡರನ್ನು ಕರೆಸಿ ಹಾಕಿಸಿದರು.

ಹದಿನೈದನೇ ತಾರೀಖಿನ ಪತ್ರ ಮೋಹನ್ ಹೇಳಿ ಬರೆಸಿದ್ದು. ಭಾವ ಪಕ್ಕದಲ್ಲಿ ಕೂತು ಪ್ರತಿ ಸಾಲಿಗೂ "ಊಂ" ಅನ್ನುತ್ತಿದ್ದರು. ನಾನು ನಿನಗೆ ಬಹುವಚನ ಹಾಕಿದ ಕೂಡಲೇ ನಿನಗೆ ತಿಳಿಯುತ್ತದೆ ಅಂದುಕೊಂಡಿದ್ದೆ. ನಿನಗೆ ತಿಳಿಯಲಿಲ್ಲ. ತಿಳಿಯಬೇಕಿತ್ತು ಅನ್ನಲು ನನಗೆ ಯಾವ ಹಕ್ಕೂ ಇಲ್ಲ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕಿದವಳು ನಾನೇ, ಅದನ್ನು ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಆವತ್ತು ನನಗೆ ಮೋಹನ್ ಜೈಲಿಗೆ ಹೋಗುತ್ತಾರೆ ಅನ್ನುವುದೊಂದೇ ಕಾಣುತ್ತಿತ್ತು.

ಈಗ ಇಪ್ಪತ್ನಾಲ್ಕನೇ ತಾರೀಖು. ಪೂರ್ತಿ ಬರೆಯುತ್ತೇನೆ, ನಡುವೆ ನಿಲ್ಲಿಸಬೇಡ.

ಸೋಮವಾರದಿಂದ ಬುಧವಾರದವರೆಗೆ ಒಂದು ಮೋಡ ಇರಲಿಲ್ಲ. ಮೋಟಾರು ಒಮ್ಮೆಯೂ ನಡುವೆ ನಿಲ್ಲಲಿಲ್ಲ. ಹಾಗಾಗಿ ಅದು ಈಗ ತಾನೇ ಏಳುತ್ತದೆ ಅಂತ ಕೆಲಸದವರು ಯಾರಿಗೂ ಗೊತ್ತಾಗಲಿಲ್ಲ. ಗುರುವಾರ ಹನ್ನೊಂದೂವರೆಗೆ ಮೊದಲ ಮೋಡ ಬಂತು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಮೋಟಾರು ನಿಂತಿತು. ಭೀಮ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಭಾವ ಕೂಗಿದರು, "ಏನ್ಲಾ, ಮದ್ವಣಿಗನಂಗೆ ನಿಂತವ್ನೆ! ಕೈ ಆಕ್ಲಾ, ನಾರು ಸಿಗಾಕ್ಕಂಡದೆ." ಭೀಮ ನಕ್ಕ. "ಆಕ್ದೆ ಕಣ್ ಸಾ, ನಿಮ್ ಬಾಯ್ಗಿಂತ ಇದ್ರ್ ಬಾಯೇ ವಾಸಿ" ಅಂದ. ಎಲ್ಲರೂ ನಕ್ಕರು. ಕಿಟಕಿಯಲ್ಲಿ ನಾನೂ ನಕ್ಕೆ. ಭುಜದವರೆಗೆ ಕೈ ಹಾಕಿದ.

ಕಣದ ಮೇಲೆ ಬಿಸಿಲು ಬಂತು. ನೆರಳು ಹಲಗೆಗಳ ಮೇಲಿಂದ ಜಾರುವುದನ್ನು ನಾನು ನೋಡಿದೆ. ನೋಡಿ, ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ನೆನಪಾಯಿತು.

ಕೂಗಿದೆ. ಅವರ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಬಾಗೂರಿನ ಹಳೆಯ ಮೋಟಾರಾಗಿದ್ದರೆ ಶುರುವಾಗುವಾಗ ಗುಡುಗುತ್ತಿತ್ತು, ಅವನು ಕೈ ಕಿತ್ತುಕೊಳ್ಳುತ್ತಿದ್ದ. ಇದು ಸದ್ದಿಲ್ಲದೆ ಎದ್ದಿತು. ಮೊದಲ ಸುತ್ತು ಎಷ್ಟು ನಿಧಾನವಾಗಿತ್ತೆಂದರೆ ಯಾರೋ ಕೈಯಲ್ಲಿ ತಿರುಗಿಸುತ್ತಿದ್ದಾರೆ ಅಂದುಕೊಂಡನೋ ಏನೋ, "ಯಾವನ್ಲಾ ಅವ್ನು, ಬುಡ್ಲಾ" ಅಂದ. ನಾರು ಮಣಿಕಟ್ಟಿಗೆ ಸುತ್ತಿಕೊಂಡಿತು. ಎರಡನೇ ಸುತ್ತಿಗೆ ಅವನ ಮುಖ ತಗಡಿಗೆ ಬಡಿಯಿತು. ಆಮೇಲೆ ಅವನು ಕೂಗಿದ್ದು ಕನ್ನಡವಲ್ಲ, ಯಾವ ಭಾಷೆಯೂ ಅಲ್ಲ. ಆ ಕಡೆಯ ಬಾಯಿಂದ ನಾರು ಹಾರಿ ಬೀಳುತ್ತಲೇ ಇತ್ತು. ಮೊದಲು ಹೊಂಬಣ್ಣ, ಆಮೇಲೆ ಕೆಂಪು.

ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ ಗೊತ್ತಾ? ಬ್ಯಾಟರಿ ಕೋಣೆಯ ಒಳಗೆ. ಬೀಗದ ಕೈ ಎಲ್ಲಿತ್ತು? ನನ್ನ ಸೊಂಟದಲ್ಲಿ. ಅರವತ್ತು ಹೆಜ್ಜೆ ಓಡಿದೆ. ಬೀಗ ತೆಗೆದೆ. ಒತ್ತುವಷ್ಟರಲ್ಲಿ ಅವನು ಕೂಗುವುದನ್ನು ನಿಲ್ಲಿಸಿದ್ದ.

ಉಳಿದಿದ್ದನ್ನು ನಿನ್ನ ಮೂಗೇ ಹೇಳಿದೆ. ಗೂಡ್ಸ್ ಆಟೋ ಬರುವ ಮುಂಚೆ ಭಾವ ತಮ್ಮ ಸ್ಕೂಟರಿನ ಸೀಟಿನ ಕೆಳಗಿಂದ ಒಂದು ಹೆಂಡದ ಬಾಟಲಿ ತಂದು ಅವನ ಅಂಗಿಯ ಮೇಲೆ ಸುರಿದರು. ಬಾಯಿಗೂ ಹಿಡಿದರು. ಭೀಮ ಹಲ್ಲು ಕಚ್ಚಿಕೊಂಡ. ಪ್ರಜ್ಞೆ ತಪ್ಪಿದವನು ಬಾಯಿ ಕಚ್ಚುತ್ತಾನಾ? ಭಾವ ಅವನ ದವಡೆಗೆ ಒದ್ದರು. ಮೋಹನ್ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ಚಲುವಯ್ಯನವರನ್ನು ಕಣದ ಅಂಚಿನ ತೆಂಗಿನ ಮರಕ್ಕೆ ನಮ್ಮದೇ ನಾರಿನ ಹಗ್ಗದಲ್ಲಿ ಕಟ್ಟಿದ್ದರು. ಹೊಡೆದಿದ್ದು ಮಿಷಿನ್ನಿನ ಹಳೆಯ ಬೆಲ್ಟಿನಲ್ಲಿ. ಭಾವ ಸುಸ್ತಾದಾಗ ಮೋಹನ್ ಬೆಲ್ಟು ಇಸಿದುಕೊಂಡರು. ಇದನ್ನು ನಿನಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ, ಚಲುವಯ್ಯನವರ ಮುಖ ಮರದ ಕಡೆಗಿತ್ತು. ನನ್ನನ್ನು ಎತ್ತಿಕೊಂಡು ಅದೇ ಕಣದ ಸುತ್ತ ತಿರುಗಿಸಿದ ಕೈಗಳು ಅವು. ಅತ್ತೆ ಬಾಗಿಲಲ್ಲಿ ನಿಂತು, "ಸಾಯಂಗೆ ಒಡೀಬ್ಯಾಡ್ರಲಾ, ಕೇಸಾಯ್ತದೆ" ಅಂದರು.

ಈಗ ನನ್ನದು. ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟಿದ್ದು ಇದೇ.

ಪುಟ ನಲವತ್ತೊಂದರಲ್ಲಿ ಆ ಸೆಟ್ಟಿಂಗಿನ ಕೆಳಗೆ ಒಂದು ಚೌಕ ಇದೆ. ಚೌಕದೊಳಗೆ ಕೈಯ ಚಿತ್ರ, ಮೇಲೆ ಅಡ್ಡಗೆರೆ. ಈ ಸೆಟ್ಟಿಂಗ್ ಹಾಕಿದರೆ ಯಂತ್ರ ಯಾವ ಸೂಚನೆಯೂ ಇಲ್ಲದೆ ಶುರುವಾಗುತ್ತದೆ, ಮನುಷ್ಯರು ಹತ್ತಿರವಿರುವ ಯಂತ್ರಕ್ಕೆ ಸೈರನ್ ಇಲ್ಲದೆ ಹಾಕಬಾರದು ಅಂತ ಬರೆದಿದೆ. ನಾನು ಅದನ್ನು ಓದಿದೆ. ಭಾನುವಾರವೇ ಓದಿದೆ. ಮೋಹನ್‌ಗೆ ಓದಿ ಹೇಳಿದೆ. "ಸೈರನ್ ಆಮೇಲೆ ನೋಡನ, ಮೊದ್ಲು ಓಡ್ಲಿ" ಅಂದರು. ನಾನು ಸರಿ ಅಂದೆ. ಖುಷಿಯಲ್ಲಿದ್ದೆ. ನಿನಗೆ ಬರೆಯುವಾಗ ಆ ಚೌಕವನ್ನು ಬಿಟ್ಟು ಬರೆದೆ, ನೀನು ಬೈಯುತ್ತೀಯ ಅಂತ. ಆ ಮಿಲ್ಲಿನಲ್ಲಿ ಆ ಪುಸ್ತಕ ಓದಬಲ್ಲವಳು ನಾನು ಒಬ್ಬಳೇ ಇದ್ದೆ. ಸೋಮವಾರ, ಮಂಗಳವಾರ, ಬುಧವಾರ. ಮೂರು ದಿನ ಭೀಮ ನನ್ನ ಕೈಯಿಂದಲೇ ಕಾಫಿ ತೆಗೆದುಕೊಂಡ. ಕೈ ಹಾಕಬೇಡವೋ ಅನ್ನಲು ಎಷ್ಟು ಹೊತ್ತು ಬೇಕಿತ್ತು?

ನಿನ್ನ ಇಪ್ಪತ್ಮೂರರ ಕಾಗದ ನನಗೆ ಸಿಕ್ಕಿದ್ದು ಇಪ್ಪತ್ತಾರಕ್ಕೆ.

ನಿನ್ನ ಕೊನೆಯ ಕಾಗದ ಮೋಹನ್ ಕೈಗೇ ಸಿಕ್ಕಿತು. ಕಾಗದಗಳು ವಾಪಸ್ ಬರುವುದಿಲ್ಲ ಅಂತ ಓದಿದವರು ಸೀದಾ ಹೋಗಿ ಡ್ರೈವಿನ ಪುಸ್ತಕ ತಂದು ಒಲೆಗೆ ಹಾಕುವ ಮುಂಚೆ ಬಿಡಿಸಿ ನೋಡಿದರು. ನಲವತ್ತೊಂದನೇ ಪುಟ ಇರಲಿಲ್ಲ. ಅದನ್ನು ನಾನು ಚಲುವಯ್ಯನವರನ್ನು ಕಟ್ಟಿದ ದಿನವೇ ಹರಿದಿಟ್ಟುಕೊಂಡಿದ್ದೆ. ಎಲ್ಲಿದೆ ಅಂದರು. ಹೇಳಲಿಲ್ಲ. "ಯಾವ ಕೈಯಲ್ಲಿ ಹರಿದೆ?" ಅಂದರು, ಬಹಳ ಮೆತ್ತಗೆ. ಬಲಗೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಎಳೆದರು. ಎರಡು ಬೆರಳು. ಸದ್ದು ಸೌದೆ ಪುಳ್ಳೆ ಮುರಿದ ಹಾಗೆ, ಅಷ್ಟೇ. ಆಮೇಲೆ ಹೋದ ಸಲದ ಹಾಗೇ ಅರಿಶಿನ ತಂದರು. ನಾನು ಬಟ್ಟಲು ಒದ್ದೆ. ಅದಕ್ಕೆ ಇನ್ನೊಂದು ಸಲ ಬಿತ್ತು, ಪರವಾಗಿಲ್ಲ. ನನಗೆ ಭೀಮನ ನೆನಪಾಗಿ, ನಾಚಿಕೆಯಾಗಿ, ಕೂಗಲಿಲ್ಲ.

ಪುಟ ಮದುವೆಯ ಆಲ್ಬಮ್ಮಿನಲ್ಲಿದೆ. ನೀನೂ ನಾನೂ ಇರುವ ಫೋಟೋದ ಹಿಂದೆ, ಬರುವಾಗ ತರುತ್ತೇನೆ. ಅದರ ಮೇಲೆ ನನ್ನ ಕೈಬರಹ, ತಾರೀಖು, ಸಹಿ ಎಲ್ಲ ಇದೆ. ನಾನೇ ಹೇಳಿದ್ದೆನಲ್ಲ, ದಾಖಲೆ ಅಂತ. ನನ್ನ ಹಳೆಯ ಕಾಗದಗಳನ್ನೂ ಸುವರ್ಣಮ್ಮ ಮೇಡಂಗೆ ಕೊಡು. ಎರಡನ್ನೂ ಇಟ್ಟು ನೋಡಿದರೆ ಸೆಟ್ಟಿಂಗ್ ಯಾವ ದಿನ ಹಾಕಿದ್ದು, ಯಾರು ಓದಿದ್ದು ಅಂತ ಯಾರಿಗಾದರೂ ತಿಳಿಯುತ್ತದೆ. ಸುಳ್ಳು ಸಹಿಗೆ ನನ್ನ ಮೇಲೂ ಕೇಸಾಗುತ್ತದೆ ಅಂತ ಗೊತ್ತು. ಆಗಲಿ. ನಾನು ಯಾರಿಂದಲೋ ತಪ್ಪಿಸಿಕೊಂಡು ಬರುತ್ತಿಲ್ಲ ನಾಗೂ. ತಪ್ಪಿಸಿಕೊಂಡೂ ಬರುತ್ತಿದ್ದೇನೆ, ಸರಿ. ಆದರೆ ಮೊದಲು ಹೇಳಿಕೆ.

ಭೀಮನ ಹತ್ತಿರ ಕರೆದುಕೊಂಡು ಹೋಗು ಅಂತ ಕೇಳುವುದಿಲ್ಲ. ಅವನು ಕರೆದರೆ ಹೋಗುತ್ತೇನೆ. ನಿನ್ನ ಮನೆಯಲ್ಲಿ ನನಗೆ ಎಲೆ ಎಲ್ಲಿ ಹಾಕುತ್ತೀಯೋ ಅಲ್ಲಿ ಕೂರುತ್ತೇನೆ. ಹಾಕದಿದ್ದರೆ ಸ್ಟೇಷನ್ನಿಂದಲೇ ಮೇಡಂ ಮನೆಯ ದಾರಿ ತೋರಿಸು.

ಗುರುವಾರ ಎಲ್ಲರೂ ಅರಕಲಗೂಡಿಗೆ ನಿಶ್ಚಿತಾರ್ಥಕ್ಕೆ ಹೋಗುತ್ತಾರೆ. ನನ್ನ ಕೈ ಜನರಿಗೆ ಕಾಣಬಾರದು, ಅದಕ್ಕೆ ಬಿಟ್ಟು ಹೋಗುತ್ತಾರೆ. ಬೀಗ ಹಾಕಿಕೊಂಡು. ಹಿತ್ತಿಲ ಬಾಗಿಲಿನ ಬೀಗಕ್ಕೂ ಬ್ಯಾಟರಿ ಕೋಣೆಯ ಕೈಯೇ ಆಗುತ್ತದೆ, ಅದು ಅತ್ತೆಗೆ ಗೊತ್ತಿಲ್ಲ, ಆ ಬೀಗದ ಕೈ ಇನ್ನೂ ನನ್ನ ಸೊಂಟದಲ್ಲೇ ಇದೆ. ಈ ಕಾಗದವನ್ನು ನಾಳೆ ಪಿಂಚಣಿ ಕೊಡಲು ಬರುವ ಅಂಚೆಯ ದೇವಯ್ಯನ ಚೀಲಕ್ಕೆ ಹಾಕುತ್ತೇನೆ. ಚನ್ನರಾಯಪಟ್ಟಣದವರೆಗೆ ಬಸ್ಸು, ಅಲ್ಲಿಂದ ಬೆಳಗಿನ ರೈಲಿಗೆ ಹಾಸನ. ಹಾಸನದಲ್ಲಿ ಗಾಡಿ ಬದಲಿಸಬೇಕು. ಹೊಳೆನರಸೀಪುರದ ಸ್ಟೇಷನ್ನಿಗೆ ನೀನು ಬಂದಿರು, ಬರದಿದ್ದರೂ ಇಳಿಯುತ್ತೇನೆ.

ಗುರುವಾರ, ಜೂನ್ ಐದು. ಮಧ್ಯಾಹ್ನದ ಮೈಸೂರು ಪ್ಯಾಸೆಂಜರ್.